ಹಳೆ ಕ್ಯಾಸೆಟ್ ಡೆಕ್: ಆರೇಳು ವರ್ಷ ಬಳಸಿದ ಮೇಲೆ, ಮುಖ್ಯವಾಗಿ ಒಂದು ಸ್ಕ್ರೂ ಬಗ್ಗೆ

ಡೆಕ್‌ನ ಬ್ರ್ಯಾಂಡು, ಮಾಡೆಲ್ ನಂಬರು ಎರಡನ್ನೂ ಬರೆಯುತ್ತಿಲ್ಲ. ಮುಚ್ಚಿಡಬೇಕು ಅಂತಲ್ಲ. ಮೂವತ್ತು ವರ್ಷ ದಾಟಿದ ಮಷೀನಿಗೆ ಮಾಡೆಲ್ ನೋಡಿ ಮಾರ್ಕ್ಸ್ ಹಾಕುವುದರಲ್ಲಿ ಅರ್ಥವಿಲ್ಲ. ಒಂದೇ ಫ್ಯಾಕ್ಟರಿಯಿಂದ ಒಂದೇ ದಿನ ಹೊರಬಿದ್ದ ಎರಡು ಡೆಕ್‌ಗಳಲ್ಲಿ ಒಂದನ್ನು ಯಾರೋ ಬಟ್ಟೆ ಹೊದಿಸಿ ಜೋಪಾನ ಮಾಡಿರುತ್ತಾರೆ, ಇನ್ನೊಂದು ತೇವದ ಗೋಡೆ ಪಕ್ಕ ಧೂಳು ತಿನ್ನುತ್ತಾ ಬಿದ್ದಿರುತ್ತದೆ. ನನ್ನದು ತೊಂಬತ್ತರ ದಶಕದ ಶುರುವಿನ ಮೂರು ಹೆಡ್‌ನ ಡೆಕ್ (ಹೆಡ್ ಅಂದರೆ ಟೇಪಿಗೆ ತಾಗಿ ಸದ್ದು ಬರೆಯುವ, ಓದುವ, ಅಳಿಸುವ ಭಾಗ). ಸೆಕೆಂಡ್ ಹ್ಯಾಂಡ್. ಟೇಪಿನ ಹಿಸ್, ಅಂದರೆ ಹಿನ್ನೆಲೆಯ ಸುಯ್ ಸದ್ದು, ತಗ್ಗಿಸುವ ಡಾಲ್ಬಿ ಬಿ, ಸಿ ಎರಡೂ ಇದೆ. ಉಳಿದ ವಿವರ ಎಲ್ಲಾ ಕಡೆ ಸಿಗುತ್ತದೆ, ನೋಡಿಕೊಳ್ಳಿ.

ಕೊಂಡದ್ದು ಇಟ್ಟುಕೊಳ್ಳುವುದಕ್ಕಲ್ಲ. ಮನೆಯಲ್ಲಿ ಒಂದು ಪೆಟ್ಟಿಗೆ ತುಂಬಾ ಹಳೆ ಕ್ಯಾಸೆಟ್ ಇತ್ತು. ಮನೆಯವರ ಮಾತು, ಮಕ್ಕಳ ಹಾಡು, ರೇಡಿಯೋದಿಂದ ಇಳಿಸಿಕೊಂಡದ್ದು, ಹಣೆಪಟ್ಟಿಯೇ ಇಲ್ಲದ ಒಂದಷ್ಟು. ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು ಡೆಕ್ ಮಾರಿಬಿಡೋಣ ಅನ್ನುವುದು ಲೆಕ್ಕ. ಹಾಕಿಕೊಂಡದ್ದೂ ಆಯಿತು. ಡೆಕ್ ಮಾತ್ರ ಇನ್ನೂ ಟೇಬಲ್ ಮೇಲೇ ಇದೆ.

ಮೊದಲ ವಾರ ನಿಜಕ್ಕೂ ಬೇಜಾರಾಗಿತ್ತು. ಯಾವ ಟೇಪ್ ಹಾಕಿದರೂ ಕಂಬಳಿ ಹೊದ್ದು ಮಾತಾಡಿದ ಹಾಗೆ ಸದ್ದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಹೆಡ್ ಒರೆಸಿದೆ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಸದ್ದು ಹಾಗೇ ಇತ್ತು. ಡಾಲ್ಬಿ ಆಫ್ ಮಾಡಿದೆ. ಸ್ವಲ್ಪ ವಾಸಿ, ಆದರೆ ಹಿಸ್ ಜಾಸ್ತಿ. ಹೀಗಾದರೆ ಅನಲಾಗ್ ಅನಲಾಗ್ ಅಂತ ಜನ ಕುಣಿಯುವುದು ಯಾಕೆ ಅಂತಲೇ ಗೊತ್ತಾಗಲಿಲ್ಲ.

ಆಮೇಲೆ ಹೆಡ್‌ನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದೆ. ಈ ವಿಮರ್ಶೆ ಬರೆಯುತ್ತಿರುವುದೇ ಆ ಸ್ಕ್ರೂಗೋಸ್ಕರ.

ಅದಕ್ಕೆ ಅಜಿಮತ್ ಸ್ಕ್ರೂ ಅನ್ನುತ್ತಾರೆ. ಹೆಡ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇರುತ್ತದೆ. ಅದು ಟೇಪಿಗೆ ಸರಿಯಾಗಿ ಅಡ್ಡಕ್ಕೆ, ತೊಂಬತ್ತು ಡಿಗ್ರಿಯಲ್ಲಿ ನಿಲ್ಲಬೇಕು. ರೆಕಾರ್ಡ್ ಮಾಡಿದ ಮಷೀನಿನಲ್ಲಿ ಸೀಳು ಕೊಂಚ ವಾಲಿದ್ದರೆ ಟೇಪಿನ ಮೇಲಿನ ಗುರುತೂ ವಾಲಿಕೊಂಡೇ ಬಿದ್ದಿರುತ್ತದೆ. ಆ ಟೇಪನ್ನು ನೆಟ್ಟಗಿರುವ ಹೆಡ್‌ನಲ್ಲಿ ಕೇಳಿದರೆ ಚೂಪು ಸದ್ದೆಲ್ಲಾ ಮಾಯ. ಎಷ್ಟು ವಾಲಿದರೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿದೆ. ಟೇಪಿನ ಅಗಲವೇ 3.81 ಮಿಲಿಮೀಟರ್. ಅದರಲ್ಲಿ ಎರಡು ಬದಿ, ಬದಿಗೆ ಎರಡು ಚಾನೆಲ್, ಒಂದೊಂದಕ್ಕೆ ಸಿಗುವುದು ಸುಮಾರು 0.6 ಮಿಲಿಮೀಟರ್. ಟೇಪ್ ಓಡುವುದು ಸೆಕೆಂಡಿಗೆ ಬರೀ 4.76 ಸೆಂಟಿಮೀಟರ್. ಅಂದರೆ 10 ಕಿಲೋಹರ್ಟ್ಸ್ ಸದ್ದಿನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ 4.76 ಮೈಕ್ರಾನ್, ಒಂದು ಮಿಲಿಮೀಟರನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲಿನಷ್ಟು. ಹೆಡ್ ಅರ್ಧ ಡಿಗ್ರಿ ವಾಲುವಷ್ಟರಲ್ಲಿ ಸೀಳಿನ ಒಂದರ್ಧ ಅಲೆಯ ಏರಿನಲ್ಲಿ, ಇನ್ನೊಂದರ್ಧ ಇಳಿತದಲ್ಲಿ ಇರುತ್ತದೆ. ಒಂದನ್ನೊಂದು ತಿಂದುಹಾಕುತ್ತವೆ. ಅರ್ಧ ಡಿಗ್ರಿ! ಇಷ್ಟು ನಾಜೂಕಿನ ವ್ಯವಸ್ಥೆಯನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆವು ಅಲ್ವಾ.

ಡಾಲ್ಬಿ ಆಫ್ ಮಾಡಿದಾಗ ವಾಸಿ ಅನಿಸಿದ್ದೂ ಇದಕ್ಕೇ. ಡಾಲ್ಬಿ ಬಿ ರೆಕಾರ್ಡ್ ಮಾಡುವಾಗ ಮೆಲ್ಲಗಿನ ಚೂಪು ಸದ್ದನ್ನು ಎತ್ತಿ ಬರೆಯುತ್ತದೆ, ಕೇಳಿಸುವಾಗ ಅಷ್ಟೇ ಇಳಿಸುತ್ತದೆ, ಜೊತೆಗೆ ಹಿಸ್ ಕೂಡ ಇಳಿಯುತ್ತದೆ, ಸುಮಾರು 10 ಡೆಸಿಬೆಲ್. ಹೆಡ್ ವಾಲಿ ಚೂಪು ಸದ್ದು ಮೊದಲೇ ಸೊರಗಿದ್ದರೆ ಡಾಲ್ಬಿ ಅದನ್ನು ಮೆಲ್ಲಗಿನ ಸದ್ದು ಅಂದುಕೊಂಡು ಇನ್ನೂ ಇಳಿಸುತ್ತದೆ. ಅದರ ತಪ್ಪೇನಿಲ್ಲ, ಪಾಪ. ಹೇಳಿದ ಕೆಲಸ ಮಾಡುತ್ತದೆ.

ಈಗ ನನ್ನ ಕ್ರಮ ಹೇಗೆ ಅಂದರೆ, ಬಾಗಿಲಿನ ಮುಂದಿನ ಪ್ಲಾಸ್ಟಿಕ್ ಮುಖವಾಡ ಮೇಲಕ್ಕೆ ಎಳೆದು ತೆಗೆದಿಡುತ್ತೇನೆ. ಬೇರೆಯವರು ರೆಕಾರ್ಡ್ ಮಾಡಿದ ಟೇಪ್ ಹಾಕುತ್ತೇನೆ. ಆಂಪ್ಲಿಫೈಯರನ್ನು ಮೊನೊಗೆ ತರುತ್ತೇನೆ. ಇದು ಮುಖ್ಯ, ಎರಡೂ ಚಾನೆಲ್ ಕೂಡಿದಾಗ ಓರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು, ಅಯಸ್ಕಾಂತ ಹಿಡಿಯದ ಸಣ್ಣ ಸ್ಕ್ರೂಡ್ರೈವರಿನಿಂದ ಸ್ಕ್ರೂವನ್ನು ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ. ಮಂಕು, ಮಂಕು, ಮಂಕು, ಆಮೇಲೆ ಒಂದು ಜಾಗದಲ್ಲಿ ಸದ್ದು ಫಕ್ಕನೆ ತೆರೆದುಕೊಳ್ಳುತ್ತದೆ. ದಾಟಿದರೆ ಮತ್ತೆ ಮಂಕು. ವಾಪಸ್ ಬರಬೇಕು. ಮೀಟರು ಬೇಡ, ಸ್ಕೋಪ್ ಬೇಡ, ಕಿವಿ ಸಾಕು.

ಸೋದರಮಾವ ಕಾಗದ ಬರೆಯುವ ಬದಲು ಕ್ಯಾಸೆಟ್ ಕಳಿಸುತ್ತಿದ್ದರು. ಕಡಿಮೆ ದರ್ಜೆಯ ಮೊನೊ ರೆಕಾರ್ಡರಿನಲ್ಲಿ, ಅದರಲ್ಲೇ ಇರುವ ಮೈಕಿನಲ್ಲಿ ಮಾಡಿದ್ದು. ಅಂಥ ರೆಕಾರ್ಡರಿನಲ್ಲಿ ಲೆವೆಲ್ ತಾನಾಗಿಯೇ ಏರಿಳಿಯುತ್ತದೆ. ಅವರು ಮಾತು ನಿಲ್ಲಿಸಿ ಯೋಚಿಸುವಾಗ ಹಿಂದಿನ ಫ್ಯಾನ್ ಸದ್ದು ಮೆಲ್ಲಗೆ ಎದ್ದು ಬರುತ್ತದೆ, ಮಾತು ಶುರು ಮಾಡಿದ ತಕ್ಷಣ ಫ್ಯಾನ್ ಹಿಂದೆ ಸರಿಯುತ್ತದೆ. ಸ್ಕ್ರೂ ಸರಿಹೋದ ಮೇಲೆ ಅವರ ಸಕಾರ ಶಕಾರ ಬೇರೆ ಬೇರೆ ಕೇಳಿಸಿದವು. ಅಷ್ಟೇ ಅಲ್ಲ, ಮಧ್ಯದಲ್ಲಿ ಯಾರೋ "ಇನ್ನೆಷ್ಟು ಹೊತ್ತು ಮಾತಾಡ್ತೀರಿ?" ಅನ್ನುತ್ತಾರೆ, ಅತ್ತೆಯೇ ಇರಬೇಕು. ಇಷ್ಟು ವರ್ಷ ಆ ಕ್ಯಾಸೆಟ್ ಕೇಳಿದ ನಮ್ಮಲ್ಲಿ ಒಬ್ಬರಿಗೂ ಆ ಮಾತು ಕೇಳಿಸಿರಲಿಲ್ಲ. ಟೇಪಿನಲ್ಲಿ ಮಾತ್ರ ಮೊದಲಿನಿಂದಲೂ ಇತ್ತು.

ನನ್ನ ಮಟ್ಟಿಗೆ ಅನಲಾಗ್‌ನ ಸೆಳೆತ ಇರುವುದು ಇಲ್ಲಿ. ಬೆಚ್ಚಗಿನ ಸದ್ದು, ಆತ್ಮ ಇರುವ ಸದ್ದು ಅಂತೆಲ್ಲ ಬರೆಯುತ್ತಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಸದ್ದಿನ ಗುಣಮಟ್ಟ ಬೇಕಾದರೆ ಮೊಬೈಲಿನಲ್ಲೇ ಕೇಳಿ, ಅದು ಎಲ್ಲಾ ಲೆಕ್ಕದಲ್ಲೂ ಮುಂದಿದೆ. ಆದರೆ ಡಿಜಿಟಲ್ ಫೈಲ್ ಒಂದೋ ತೆರೆಯುತ್ತದೆ, ಇಲ್ಲವೋ ಇಲ್ಲ. ಟೇಪ್ ಹಾಗಲ್ಲ, ಅರ್ಧಂಬರ್ಧ ಕೇಳಿಸುತ್ತಾ "ಇನ್ನೂ ಇದೆ, ಹುಡುಕು" ಅನ್ನುತ್ತದೆ, ಆ ಉಳಿದದ್ದನ್ನು ಎಬ್ಬಿಸುವ ಉಪಾಯ ನಮ್ಮ ಬೆರಳಿನಲ್ಲೇ ಇರುತ್ತದೆ. 1963ರಲ್ಲಿ ಫಿಲಿಪ್ಸ್ ಕಂಪನಿಯ ಲೂ ಆಟೆನ್ಸ್ ತಂಡ ಈ ಕ್ಯಾಸೆಟ್ ತಂದದ್ದು ಮಾತು ಬರೆದಿಡುವುದಕ್ಕೆ, ಸಂಗೀತದ ಹುಚ್ಚರಿಗೆ ಅಲ್ಲ. ನನಗೆ ಕಡೆಗೂ ಅದು ಮಾತಿಗೇ ಜಾಸ್ತಿ ಬಳಕೆ ಆಯಿತು.

ರೆಕಾರ್ಡಿಂಗ್ ಬಗ್ಗೆ ಎರಡು ಮಾತು. ಮೂರು ಹೆಡ್ ಇರುವುದರಿಂದ ಟೇಪಿಗೆ ಬರೆದ ತಕ್ಷಣ ಅದನ್ನೇ ಓದಿ ಕೇಳಿಸುತ್ತದೆ. ಸೋರ್ಸ್, ಟೇಪ್ ಅಂತ ಒಂದು ಸ್ವಿಚ್ ಇದೆ. ಹಾಡು ಓಡುತ್ತಿರುವಾಗ ಟಕ್ ಟಕ್ ಅಂತ ಅದನ್ನು ಆಚೀಚೆ ಮಾಡುತ್ತಾ, ಯಾವುದು ಮೂಲ ಯಾವುದು ಟೇಪ್ ಅಂತ ಗೊತ್ತಾಗದ ಹಾಗೆ ಬಯಾಸ್ ಗುಂಡಿ (ರೆಕಾರ್ಡಿಂಗನ್ನು ಟೇಪಿಗೆ ಹೊಂದಿಸುವ ಗುಂಡಿ) ತಿರುಗಿಸುವುದು ಒಂದು ಚಟ. ಆಮೇಲೆ ಲೆವೆಲ್. ಹಾಡಿನ ಅತಿ ಜೋರಾದ ಜಾಗ ಹುಡುಕಿ, ಅಲ್ಲಿ ಮೀಟರು ಸೊನ್ನೆ ದಾಟಿ ಕೆಂಪಿಗೆ ಒಮ್ಮೆ ಮುಟ್ಟಿ ಬರುವ ಹಾಗೆ ಇಡುತ್ತೇನೆ. ಟೇಪಿನ ಮುಂದಿನ ತುದಿಯ ಖಾಲಿ ಪಟ್ಟಿ, ಅಂದರೆ ಲೀಡರ್ ಮೇಲೆ ಏನೂ ದಾಖಲಾಗುವುದಿಲ್ಲವಲ್ಲ, ಅದನ್ನು ಬೆರಳಿನಲ್ಲಿ ಸುತ್ತಿ ದಾಟಿಸಿ, ಕೌಂಟರ್ ಸೊನ್ನೆ ಮಾಡಿ, ಪಾಝ್ ಗುಂಡಿ ಬಿಡುತ್ತೇನೆ. ನಲವತ್ತೈದು ನಿಮಿಷದ ಬದಿಗೆ ನಲವತ್ತೈದು ನಿಮಿಷ ಕೂರಲೇಬೇಕು. ಸುಮ್ನೆ ಕೂರುವ ಆ ಹೊತ್ತು ನನಗೆ ಬೇರೆಲ್ಲೂ ಸಿಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಎರಡು ವರ್ಷ ಚೆನ್ನಾಗಿ ನಡೆದ ಮೇಲೆ ಒಂದು ಬೆಳಗ್ಗೆ ಪ್ಲೇ ಒತ್ತಿದರೆ ಮೋಟಾರಿನ ಸದ್ದು ಮಾತ್ರ, ಟೇಪ್ ಅಲುಗಲಿಲ್ಲ. ತೆರೆದು ನೋಡಿದರೆ ಬೆಲ್ಟ್ ಕರಗಿ ಡಾಂಬರಿನಂಥ ಕಪ್ಪು ಅಂಟಾಗಿತ್ತು. ರಬ್ಬರಿನ ಹಣೆಬರಹ ಅದು, ಬಳಸಿದರೂ ಬಳಸದಿದ್ದರೂ ವಯಸ್ಸಾಗುತ್ತದೆ. ಕೈಗೆ ಹತ್ತಿದರೆ ದಿನಗಟ್ಟಲೆ ಹೋಗುವುದಿಲ್ಲ. ಫ್ಲೈವೀಲ್ ಒರೆಸಿ ಬೆಲ್ಟ್ ಹಾಕುವ ಧೈರ್ಯ ಆಗ ನನಗಿರಲಿಲ್ಲ, ರಿಪೇರಿಗೆ ಕೊಟ್ಟೆ. ಬೆಲ್ಟ್ ಚೆನ್ನಾಗಿಯೇ ಹಾಕಿದರು. ಜೊತೆಗೆ ನಾನು ಕೇಳದ ಒಂದು ಉಪಕಾರವನ್ನೂ ಮಾಡಿದರು. ನಾನು ರೆಕಾರ್ಡ್ ಮಾಡುವ ಜಾಗಕ್ಕೆ ಪ್ರತಿ ಸಲ ವಾಪಸ್ ತರಲಿಕ್ಕೆ ಅಂತ ಹೆಡ್ ಸ್ಕ್ರೂ ಮೇಲೆ ಉಗುರುಬಣ್ಣದಿಂದ ಇಟ್ಟಿದ್ದ ಗುರುತನ್ನು ಕೆರೆದು ತೆಗೆದು, ತಮ್ಮ ಬಳಿ ಇದ್ದ ಯಾವುದೋ ಕ್ಯಾಸೆಟ್‌ಗೆ ಸರಿಯಾಗುವ ಹಾಗೆ ಸ್ಕ್ರೂ ತಿರುಗಿಸಿಬಿಟ್ಟಿದ್ದರು.

ಇದರ ಪರಿಣಾಮ ಏನು ಗೊತ್ತಾ? ನಾನು ಇದೇ ಡೆಕ್‌ನಲ್ಲಿ ಎರಡು ವರ್ಷ ಕೂತು ರೆಕಾರ್ಡ್ ಮಾಡಿದ ಅಷ್ಟೂ ಟೇಪ್‌ಗಳು ಮಂಕಾದವು. ರೆಕಾರ್ಡ್ ಹೆಡ್, ಪ್ಲೇ ಹೆಡ್ ಎರಡೂ ಒಂದೇ ಕವಚದಲ್ಲಿ ಇರುವುದರಿಂದ ಎರಡೂ ಒಟ್ಟಿಗೇ ವಾಲಿದ್ದವು. ಹಾಗಾಗಿ ಹೊಸದಾಗಿ ಮಾಡಿದ ಟೇಪ್ ಚೆಂದ, ಹಳೆಯದು ಕಂಬಳಿಯೊಳಗೆ. ಸೋರ್ಸ್ ಟೇಪ್ ಸ್ವಿಚ್ ಎಷ್ಟು ಸಲ ಆಚೀಚೆ ಮಾಡಿದರೂ ಎಲ್ಲಾ ಸರಿ ಅಂತಲೇ ಹೇಳುತ್ತದೆ! ಕೇಳಿದರೆ "ಈಗಲೇ ಸರಿ ಇರೋದು, ಮೊದಲು ಇದ್ದದ್ದೇ ತಪ್ಪು" ಅಂದರು. ಇರಬಹುದು ಸ್ವಾಮಿ, ಆದರೆ ನನ್ನ ಟೇಪೆಲ್ಲಾ ಆ ತಪ್ಪಿನಲ್ಲೇ ಹುಟ್ಟಿದ್ದು ಅಲ್ವಾ? ಕಡೆಗೆ ನನ್ನದೇ ಒಂದು ಒಳ್ಳೆಯ ಟೇಪನ್ನು ಅಳತೆಗೋಲು ಮಾಡಿಕೊಂಡು, ಒಂದು ರಾತ್ರಿ ಕೂತು ಹಳೆ ಜಾಗಕ್ಕೆ ತಂದೆ. ರಿಪೇರಿ ಆದ ಮೇಲೆ, ಸ್ಕ್ರೂ ವಾಪಸ್ ತರುವ ಮೊದಲು ರೆಕಾರ್ಡ್ ಮಾಡಿದ ಒಂದಷ್ಟು ಟೇಪ್‌ಗಳು ಈಗ ಅನಾಥ, ಅವುಗಳ ಬೆನ್ನ ಮೇಲೆ ಕೆಂಪು ಚುಕ್ಕಿ ಇಟ್ಟಿದ್ದೇನೆ.

ಆಮೇಲಿಂದ ಈ ಮಷೀನಿನ ಮೇಲಿನ ಪ್ರೀತಿ ಸ್ವಲ್ಪ ಜಾಗರೂಕ ಪ್ರೀತಿ ಆಗಿದೆ. ಬೆಲ್ಟ್ ನಾನೇ ಬದಲಿಸಲು ಕಲಿತೆ, ಆದರೆ ಖರ್ಚು ನಿಂತಿಲ್ಲ. ಡೆಕ್‌ಗೆ ಕೊಟ್ಟದ್ದಕ್ಕಿಂತ ಅದನ್ನು ಬದುಕಿಸಿಡಲು ಕೊಟ್ಟದ್ದು ಜಾಸ್ತಿಯಾಯಿತು. ಹೊಸ ಡೆಕ್ ಕೊಳ್ಳಬಾರದೇ ಅಂತೀರಾ? ಈಗ ಹೊಸದಾಗಿ ಬರುವ ಪ್ಲೇಯರ್‌ಗಳಲ್ಲಿ ಬಹುಪಾಲಿಗೆ ಡಾಲ್ಬಿ ಇಲ್ಲ, ಒಳಗಿನ ಮೆಕ್ಯಾನಿಸಂ ಸಾಧಾರಣ, ಪಿಯಾನೋ ಸ್ವರ ಎಳೆದರೆ ನಡುಕ ಕೇಳಿಸುತ್ತದೆ. 1982ರಲ್ಲೇ ನಾಕಮಿಚಿಯ ಡ್ರ್ಯಾಗನ್ ಡೆಕ್ ಈ ಸ್ಕ್ರೂ ಕೆಲಸವನ್ನು ಟೇಪ್ ಓಡುತ್ತಿರುವಾಗ ಮೋಟಾರಿನಿಂದ ತಾನೇ ಮಾಡಿಕೊಳ್ಳುತ್ತಿತ್ತು. ಅದರ ಕನಸು ನನ್ನ ಬಜೆಟ್ಟಿಗೆ ಮೀರಿದ್ದು. ನಿಜ ಹೇಳಬೇಕಂದರೆ ಅದು ಸಿಕ್ಕಿದರೆ ಸ್ಕ್ರೂ ತಿರುಗಿಸುವ ಖುಷಿ ಹೋಗುತ್ತದೆ ಅನ್ನುವ ಸಮಾಧಾನವನ್ನೂ ಇಟ್ಟುಕೊಂಡಿದ್ದೇನೆ.

ಇದೇ ಹುಚ್ಚಿನಲ್ಲಿ ಒಂದು ವಿಸಿಆರ್ ಕೂಡ ಮನೆಗೆ ಬಂತು. ಅಲ್ಲಿ ಒಂದು ತಮಾಷೆ ಗಮನಿಸಿ. ಕ್ಯಾಸೆಟ್‌ನಲ್ಲಿ ಅರ್ಧ ಡಿಗ್ರಿ ಓರೆ ಶತ್ರು. ವಿಸಿಆರ್ ಬಳಸುವ ವಿಎಚ್‌ಎಸ್ ವಿಡಿಯೋ ಟೇಪಿನಲ್ಲಿ ಓರೆಯನ್ನು ಬೇಕಂತಲೇ ಇಟ್ಟಿದ್ದಾರೆ. ತಿರುಗುವ ಡ್ರಮ್ಮಿನ ಎರಡು ಹೆಡ್‌ಗಳಲ್ಲಿ ಒಂದು ಆರು ಡಿಗ್ರಿ ಈ ಕಡೆ, ಇನ್ನೊಂದು ಆರು ಡಿಗ್ರಿ ಆ ಕಡೆ. ಪಕ್ಕದ ಪಟ್ಟಿಯ ಚಿತ್ರ ತಪ್ಪಿ ಹೆಡ್‌ಗೆ ತಾಗಿದರೂ ಓರೆಯಿಂದಾಗಿ ಅದು ಬಹುತೇಕ ಕಾಣುವುದಿಲ್ಲ. ಹಾಗಾಗಿ ಪಟ್ಟಿಗಳ ನಡುವೆ ಖಾಲಿ ಜಾಗ ಬಿಡದೆ ಒತ್ತೊತ್ತಾಗಿ ಬರೆಯಬಹುದು, ಟೇಪ್ ಉಳಿಯುತ್ತದೆ. ನನ್ನನ್ನು ಒಂದು ರಾತ್ರಿ ನಿದ್ದೆಗೆಡಿಸಿದ ಅದೇ ದೋಷ ಇಲ್ಲಿ ಕೂಲಿಗೆ ದುಡಿಯುತ್ತಿದೆ. ಟ್ರ್ಯಾಕಿಂಗ್ ಗುಂಡಿ ಒತ್ತುತ್ತಾ ಪರದೆಯ ಕೆಳಗಿನ ಬಿಳಿ ಗೆರೆಗಳನ್ನು ಓಡಿಸುವ ಮಜಾ ಸ್ಕ್ರೂ ಮಜಾಕ್ಕೆ ಹತ್ತಿರದ್ದೇ. ಆದರೆ ವಿಸಿಆರ್ ವಿಷಯದಲ್ಲಿ ನಾನು ಯಾರಿಗೂ ಧೈರ್ಯ ಹೇಳುವುದಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಹೆಡ್ ಸವೆದರೆ ಇನ್ನೊಂದು ಹಳೆ ಮಷೀನಿನಿಂದ ಕಿತ್ತುಕೊಳ್ಳುವುದೇ ದಾರಿ. ಮನೆಯ ಹಳೆ ವಿಡಿಯೋ ಇದ್ದರೆ ಇವತ್ತೇ ಕಂಪ್ಯೂಟರಿಗೆ ಹಾಕಿಕೊಳ್ಳಿ, ಆಮೇಲೆ ಆಟ ಆಡಿ.

ಕ್ಯಾಸೆಟ್ ಡೆಕ್‌ಗೆ ನನ್ನ ಮಾರ್ಕ್ಸ್ ಐದಕ್ಕೆ ಮೂರೂವರೆ. ಹೊಸ ಹಾಡು ಕೇಳುವುದಕ್ಕೆ, ಫ್ಯಾಷನ್ನಿಗೆ ಅಂತಾದರೆ ಬೇಡ, ಆರು ತಿಂಗಳಲ್ಲಿ ಬೇಜಾರಾಗುತ್ತದೆ. ಮನೆಯಲ್ಲಿ ಹಣೆಪಟ್ಟಿ ಇಲ್ಲದ ಕ್ಯಾಸೆಟ್‌ಗಳ ಪೆಟ್ಟಿಗೆ ಇದೆ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ತಾಳ್ಮೆಯೂ ಇದೆ ಅಂತಾದರೆ ಧಾರಾಳವಾಗಿ ತಗೊಳ್ಳಿ. ಕೊಳ್ಳುವಾಗ ನಿಮ್ಮದೇ ಎರಡು ಕ್ಯಾಸೆಟ್ ಒಯ್ಯಿರಿ, ಒಂದು ಕಂಪನಿ ರೆಕಾರ್ಡಿಂಗ್, ಒಂದು ಮನೆಯದು. ಎರಡು ಕಡೆಗೂ ಕೊನೆಯ ತನಕ ಸುತ್ತಿಸಿ ನೋಡಿ, ತಡವರಿಸಿದರೆ ರಬ್ಬರ್ ಚಕ್ರ ಜಾರುತ್ತಿದೆ ಅಂತ ಅರ್ಥ. ಟಾರ್ಚ್ ಹಿಡಿದು ಹೆಡ್ ನೋಡಿ. ಟೇಪ್ ಓಡಿ ಓಡಿ ಹೆಡ್ ಮೇಲೆ ಉಗುರಿಗೆ ತಗಲುವಷ್ಟು ಹಳ್ಳ ಬಿದ್ದಿದ್ದರೆ ವಾಪಸ್ ಬನ್ನಿ. ಸದ್ದು ಮಂಕಾಗಿದೆ ಅನ್ನುವ ಒಂದೇ ಕಾರಣಕ್ಕೆ ಮಾತ್ರ ಬಿಟ್ಟು ಬರಬೇಡಿ, ಅದನ್ನು ಹೇಳಿ ಚೌಕಾಸಿ ಮಾಡಿ. ಮನೆಗೆ ತಂದ ಮೇಲೆ ಸ್ಕ್ರೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ರಿಪೇರಿಗೆ ಕೊಡುವಾಗಲೂ ಅಷ್ಟೇ, "ಹೆಡ್ ಸ್ಕ್ರೂ ಮುಟ್ಟಬೇಡಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದು ಡೆಕ್ ಮೇಲೇ ಅಂಟಿಸಿ ಕೊಡಿ. ಬಾಯಲ್ಲಿ ಹೇಳಿದರೆ ಸಾಲದು.