ಏಳು ಸೇತುವೆಯ ನಗರವೋ, ಮೋಬಿಯಸ್ ಪಟ್ಟಿಯ ಲೋಕವೋ?

ಗಣಿತದ ಸುತ್ತ ರೋಲ್‌ಪ್ಲೇಯಿಂಗ್ ಕ್ಯಾಂಪೇನ್ (ಆಟಗಾರರು ಪಾತ್ರಗಳಾಗಿ ಹಲವು ಸೆಷನ್ ಆಡುವ ಕಥೆ) ಕಟ್ಟುವುದು ಮೊದಲ ಸಲವಾದರೆ ಏಳು ಸೇತುವೆಯ ನಗರ ಕೋನಿಗ್ಸ್‌ಬರ್ಗ್ ಮೇಲು.

ನಾಲ್ಕು ನೆಲಭಾಗ, ಏಳು ಸೇತುವೆ. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಮುಗಿಸಿದರೆ ಶಾಪ ಕಳೆಯುತ್ತದೆ ಎನ್ನಿ. ನಾಲ್ಕೂ ಕಡೆ ಬೆಸ ಸಂಖ್ಯೆಯ ಸೇತುವೆಗಳಿರುವುದರಿಂದ (5, 3, 3, 3) ಅದು ಅಸಾಧ್ಯ. ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ತೋರಿಸಿದ. ಆದರೆ ಯಾವುದೇ ಒಂದು ಸೇತುವೆ ಕೆಡವಿದರೂ ಬೆಸದವು ಎರಡೇ ಉಳಿದು (ಒಂದು ಶುರುವಿಗೆ, ಒಂದು ಕೊನೆಗೆ) ದಾರಿ ತೆರೆಯುತ್ತದೆ. ಯಾವುದನ್ನು ಕೆಡವುವುದು, ಯಾರ ಹೊಟ್ಟೆಪಾಡಿನ ಮೇಲೆ? ಕಥೆ ಇರುವುದು ಅಲ್ಲೇ. ದೋಣಿಗೆ ಮಾತ್ರ ಮೊದಲೇ ತಡೆ ಹಾಕಿ. ಒಮ್ಮೆ ದೋಣಿ ಹತ್ತಿದರೆ ಒಗಟೇ ಮುಗಿಯಿತು.

ಮೋಬಿಯಸ್ ಲೋಕ (ಅರ್ಧ ತಿರುಚಿ ತುದಿಗಳನ್ನು ಜೋಡಿಸಿದ ಪಟ್ಟಿ) ಕಣ್ಣಿಗೆ ಹಬ್ಬ: ಒಂದು ಸುತ್ತು ಬಂದವರ ಎಡ-ಬಲ ಅದಲುಬದಲು, ಇನ್ನೊಂದು ಸುತ್ತಿಗೆ ಸರಿ. 60 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪಾರದರ್ಶಕ ಹಾಳೆಯಲ್ಲಿ ನಕ್ಷೆ ಬರೆದು, ಅರ್ಧ ತಿರುವು ಕೊಟ್ಟು ಅಂಟಿಸಿ. ಕಾಗದವಾದರೆ ಹಿಂಬದಿ ಬೇರೆಯೇ ಊರಾಗುತ್ತದೆ. ತಂಡ ಒಡೆದರೆ ಯಾರು ಕನ್ನಡಿರೂಪದಲ್ಲಿದ್ದಾರೆಂಬ ಲೆಕ್ಕವೆಲ್ಲ ಆಟ ನಡೆಸುವ ಗೇಮ್ ಮಾಸ್ಟರ್ ತಲೆಗೆ. ಈ ಲೋಕ ಮೂರ್ನಾಲ್ಕು ಸೆಷನ್‌ಗೆ ಸಾಕು.