44.5 ಮಿ.ಮೀ. ನಟ್ ಗಿಟಾರ್: ವರ್ಷಗಟ್ಟಲೆ ನುಡಿಸಿದ ಮೇಲೆ ನನ್ನ ಅಭಿಪ್ರಾಯ

ಹಲವು ವರ್ಷಗಳಿಂದ ನಾನು ಹೆಚ್ಚಾಗಿ ನುಡಿಸುತ್ತಿರುವುದು ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್. ಅದರ ನಟ್ ಅಗಲ 44.5 ಮಿ.ಮೀ. ಅದಕ್ಕೂ ಮೊದಲಿನದು 43 ಮಿ.ಮೀ. ನಟ್‌ನ ಡ್ರೆಡ್‌ನಾಟ್ (ದೊಡ್ಡ ಮೈಯ ಅಕೌಸ್ಟಿಕ್ ಗಿಟಾರ್). ಅದು ಈಗಲೂ ಜೊತೆಗಿದೆ. ನಡುನಡುವೆ 52 ಮಿ.ಮೀ. ನಟ್ ಇರುವ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರನ್ನೂ ಕೈಗೆತ್ತಿಕೊಳ್ಳುತ್ತೇನೆ. ನಾದ, ಮರ, ಪಾಲಿಶ್ ಇವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕೈಗೆ ಯಾವುದು ಹೇಗೆ ಅನ್ನಿಸುತ್ತದೆ, ಯಾಕೆ ಹಾಗೆ ಅನ್ನಿಸುತ್ತದೆ ಅನ್ನುವುದಷ್ಟೇ ವಿಷಯ.

ಹೊಸಬರಿಗೆ ಒಂದು ಮಾತು. ನಟ್ ಅಂದರೆ ನೆಕ್‌ನ (ಎಡಗೈ ಹಿಡಿಯುವ ಉದ್ದನೆಯ ಭಾಗ) ಮೇಲ್ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ. ಮೂಳೆಯದೋ ಪ್ಲಾಸ್ಟಿಕ್‌ನದೋ ಇರುತ್ತದೆ. ತಂತಿಗಳು ಒಂದಕ್ಕೊಂದು ಎಷ್ಟು ದೂರ ಇರಬೇಕು ಅಂತ ಎಡಗೈ ಕಡೆ ತೀರ್ಮಾನಿಸುವುದು ಅದರಲ್ಲಿ ಕೊರೆದ ಕಚ್ಚುಗಳು. ಬಲಗೈ ಕಡೆ ಆ ಕೆಲಸ ಬ್ರಿಡ್ಜ್‌ನದು, ಅಂದರೆ ಗಿಟಾರಿನ ಮೈಮೇಲೆ ತಂತಿಗಳನ್ನು ಕಟ್ಟುವ ಪಟ್ಟಿಯದು.

43ಕ್ಕೂ 44.5ಕ್ಕೂ ಇರುವ ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಅದು ಐದು ಸಂದುಗಳಿಗೆ ಹಂಚಿಹೋಗುತ್ತದೆ ಬೇರೆ. ನನ್ನ ಹಳೆಯ ಗಿಟಾರಿನಲ್ಲಿ ಆರನೇ ತಂತಿಯ (ಅತಿ ದಪ್ಪನೆಯದು) ನಡುವಿನಿಂದ ಒಂದನೇ ತಂತಿಯ (ಅತಿ ತೆಳ್ಳನೆಯದು) ನಡುವಿಗೆ 36.5 ಮಿ.ಮೀ. ಇದೆ, ಅಂದರೆ ತಂತಿಯಿಂದ ತಂತಿಗೆ 7.3. ಈಗಿನದರಲ್ಲಿ ಅದು 38, ಅಂದರೆ 7.6. ಕ್ಲಾಸಿಕಲ್‌ನಲ್ಲಿ 43, ಅಂದರೆ 8.6. ಆದರೂ 7.3ರಿಂದ 7.6ಕ್ಕೆ ಹೋದಾಗ ಕೈಗೆ ತಕ್ಷಣ ಗೊತ್ತಾಗುತ್ತದೆ. ಎರಡನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಮೂರು ಬೆರಳು ಒಟ್ಟಿಗೆ ಇಡುವ ಎ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು ನೋಡಿ. ಸಿ ಕಾರ್ಡ್‌ನಲ್ಲಿ ಖಾಲಿ ಬಿಟ್ಟ ಮೂರನೇ ತಂತಿ ಚೆನ್ನಾಗಿ ಕೇಳುತ್ತಿದೆಯೇ ನೋಡಿ. ಹಳೆಯದರಲ್ಲಿ ನನ್ನ ಬೆರಳ ತುದಿ ಪಕ್ಕದ ತಂತಿಗೆ ತಾಗಿ ಅದರ ಸದ್ದು ಸತ್ತುಹೋಗುತ್ತಿತ್ತು. ಅದನ್ನು ತಪ್ಪಿಸಲು ಬೆರಳನ್ನು ತೀರಾ ನೆಟ್ಟಗೆ ನಿಲ್ಲಿಸಬೇಕು, ಹಾಗೆ ನಿಲ್ಲಿಸಿದರೆ ಮಣಿಕಟ್ಟು ಬಾಗುತ್ತದೆ, ಸ್ವಲ್ಪ ಹೊತ್ತಿಗೆ ನೋವು. ಈಗಿನದರಲ್ಲಿ ಬೆರಳು ತುಸು ವಾಲಿದರೂ ತಂತಿ ಮಾತಾಡುತ್ತದೆ. ನನ್ನ ಮಟ್ಟಿಗೆ ದೊಡ್ಡ ಲಾಭ ಇದೇ.

ಆದರೆ ಈ 44.5ರ ಗಿಟಾರ್ ಕೊಂಡಾಗಲೇ ಹೀಗಿರಲಿಲ್ಲ. ಆಗ ಆರನೇ ತಂತಿಯಿಂದ ಒಂದನೆಯದಕ್ಕೆ ಅಂತರ 39 ಮಿ.ಮೀ. ಇತ್ತು. ಒಂದನೇ ತಂತಿ ನೆಕ್‌ನ ಅಂಚಿನಿಂದ ಬರೀ ಎರಡೂವರೆ ಮಿಲಿಮೀಟರ್ ಒಳಗಿತ್ತು. ಫ್ರೆಟ್‌ನ ತುದಿಯನ್ನು ಇಳಿಜಾರಾಗಿ ಉಜ್ಜಿರುತ್ತಾರಲ್ಲ, ತಂತಿ ಹೆಚ್ಚುಕಡಿಮೆ ಅಲ್ಲೇ ಕೂತಿತ್ತು. ಪುಲ್-ಆಫ್ (ಒತ್ತಿದ ಬೆರಳನ್ನು ಪಕ್ಕಕ್ಕೆ ಎಳೆದು ತಂತಿ ನುಡಿಸುವುದು) ಮಾಡಿದಾಗೆಲ್ಲ ತಂತಿ ಅಂಚಿನಿಂದ ಜಾರಿ ಕೆಳಗಿಳಿಯುತ್ತಿತ್ತು. ಅಗಲದ ನೆಕ್ ಕೊಂಡರೂ ಅಂಚಿನಲ್ಲಿ ಜಾಗವೇ ಇಲ್ಲ! ರಿಪೇರಿ ಬಲ್ಲವರೊಬ್ಬರು ಹೊಸದಾಗಿ ಮೂಳೆಯ ನಟ್ ಕೊರೆದುಕೊಟ್ಟರು. ಒಂದನೇ ತಂತಿ ಈಗ ಅಂಚಿನಿಂದ 3.4 ಮಿ.ಮೀ. ಒಳಗಿದೆ. ಆಮೇಲೆ ಜಾರುವ ಕಾಟ ಪೂರ್ತಿ ನಿಂತಿತು.

ಅದೇ ನಟ್‌ನಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಕಚ್ಚುಗಳನ್ನು ತಂತಿಯ ನಡುವಿನಿಂದ ನಡುವಿಗೆ ಸಮನಾಗಿ ಕೊರೆಯಬಹುದು, ಇಲ್ಲವೇ ತಂತಿಗಳ ನಡುವಿನ ಖಾಲಿ ಜಾಗ ಸಮ ಬರುವಂತೆ ಕೊರೆಯಬಹುದು. ಎರಡೂ ಒಂದೇ ಅನ್ನಿಸುತ್ತದೆ, ಆದರೆ ಅಲ್ಲ. 12-53 ಸೆಟ್‌ನಲ್ಲಿ (ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುವ ಲೆಕ್ಕ) ಆರನೇ ತಂತಿಯ ದಪ್ಪ ಸುಮಾರು 1.35 ಮಿ.ಮೀ., ಒಂದನೆಯದು 0.30. ನಡುವಿನಿಂದ ನಡುವಿಗೆ ಸಮ ಮಾಡಿದರೆ ದಪ್ಪ ತಂತಿಗಳೇ ಜಾಗ ತಿಂದುಬಿಡುತ್ತವೆ. 7.6ರ ಲೆಕ್ಕದಲ್ಲಿ ಆರನೇ ಮತ್ತು ಐದನೇ ತಂತಿಯ ನಡುವೆ ಸುಮಾರು 6.4 ಮಿ.ಮೀ. ಉಳಿಯುತ್ತದೆ, ಎರಡನೇ ಮತ್ತು ಒಂದನೆಯದರ ನಡುವೆ 7.2. ಖಾಲಿ ಜಾಗ ಸಮ ಮಾಡಿದರೆ ಎಲ್ಲ ಕಡೆಯೂ ಸುಮಾರು 6.9 ಸಿಗುತ್ತದೆ. ಜಿ ಕಾರ್ಡ್ ಹಿಡಿಯುವಾಗ ಆರನೇ ಮತ್ತು ಐದನೇ ತಂತಿಗಳ ಹತ್ತಿರ ಇದ್ದ ಇಕ್ಕಟ್ಟು ಹೋಗಿದ್ದು ಇದರಿಂದ. ಹಾಗಾಗಿ ಅಂಗಡಿಯವರು ಹೇಳುವ ನಟ್ ಅಗಲವನ್ನಷ್ಟೇ ನಂಬಬೇಡಿ ಅನ್ನುತ್ತೇನೆ. ಒಂದನೇ ಮತ್ತು ಆರನೇ ತಂತಿಯ ನಡುವಿನ ಅಂತರ, ಎರಡೂ ಅಂಚಿನಲ್ಲಿ ಉಳಿದ ಜಾಗ, ಇವನ್ನು ಕ್ಯಾಲಿಪರ್ ಹಿಡಿದು ಅಳೆಯಿರಿ.

ಇನ್ನು ಎಫ್ ಕಾರ್ಡ್. ಅದು ಕಷ್ಟ ಆದರೆ ಜನ ನೆಕ್ ಅಗಲವನ್ನು ದೂರುತ್ತಾರೆ. ಬಹಳ ಸಲ ಅಲ್ಲಿ ಅಗಲದ ತಪ್ಪೇ ಇರುವುದಿಲ್ಲ. ನಟ್‌ನ ಕಚ್ಚು ಸಾಕಷ್ಟು ಆಳ ಇಲ್ಲದಿದ್ದರೆ ಮೊದಲ ಫ್ರೆಟ್‌ನಲ್ಲಿ ತಂತಿ ಎತ್ತರದಲ್ಲಿರುತ್ತದೆ, ಒತ್ತಲು ಜಾಸ್ತಿ ಬಲ ಬೇಕು. ಮೊದಲ ಫ್ರೆಟ್‌ಗೆ ಕ್ಯಾಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಎರಡನೇ ಫ್ರೆಟ್‌ನಲ್ಲಿ ಅದೇ ಆಕಾರ ಹಿಡಿಯಿರಿ. ತುಂಬಾ ಹಗುರ ಅನ್ನಿಸಿದರೆ ಕಚ್ಚಿನ ಆಳ ನೋಡಿಸಿ.

ಕೊಳ್ಳುವ ಮೊದಲು ನಿಮ್ಮ ಕೈಗೆ ಅಗಲ ಬೇಕೋ ಬೇಡವೋ ತಿಳಿಯಲೂ ಕ್ಯಾಪೋ ಸಾಕು. ಬ್ರಿಡ್ಜ್ ಕಡೆಗೆ ಹೋದಂತೆ ತಂತಿಗಳು ಅಗಲವಾಗುತ್ತಾ ಹೋಗುತ್ತವೆ. ನನ್ನ 43ರ ಗಿಟಾರಿಗೆ ಮೂರನೇ ಫ್ರೆಟ್‌ನಲ್ಲಿ ಕ್ಯಾಪೋ ಹಾಕಿದರೆ ತಂತಿಯಿಂದ ತಂತಿಗೆ ಸುಮಾರು 7.9 ಮಿ.ಮೀ. ಆಗುತ್ತದೆ, 44.5ರ ನಟ್‌ಗಿಂತಲೂ ಜಾಸ್ತಿ. ಫ್ರೆಟ್‌ಗಳು ಹತ್ತಿರ ಬರುತ್ತವೆ, ನಿಜ. ಆದರೂ ಅಲ್ಲಿ ಕಾರ್ಡ್‌ಗಳು ಸ್ವಚ್ಛವಾಗಿ ಕೇಳಿದರೆ ನಿಮ್ಮ ಬೆರಳು ಕೇಳುತ್ತಿರುವುದು ಜಾಗವನ್ನೇ. ಕೈ ಚಿಕ್ಕದು ಅಂದ ಮಾತ್ರಕ್ಕೆ ಕಿರಿದಾದ ನೆಕ್ ಬೇಕು ಅಂತಲ್ಲ. ನನ್ನ ಬೆರಳು ಗಿಡ್ಡ, ಆದರೆ ತುದಿ ದಪ್ಪ. ಈ ವಿಷಯದಲ್ಲಿ ಉದ್ದಕ್ಕಿಂತ ತುದಿಯ ದಪ್ಪವೇ ಮುಖ್ಯ.

ಬಲಗೈಗೆ ನನ್ನ ಎರಡು ಸ್ಟೀಲ್ ತಂತಿಯ ಗಿಟಾರುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬ್ರಿಡ್ಜ್ ಹತ್ತಿರ ಒಂದರಲ್ಲಿ 54, ಇನ್ನೊಂದರಲ್ಲಿ 55 ಮಿ.ಮೀ. ಕ್ಲಾಸಿಕಲ್‌ನಲ್ಲಿ 58. ಅಲ್ಲಿ ಮೂರು ಬೆರಳಲ್ಲಿ ಮೀಟುವುದು ನಿಜಕ್ಕೂ ಸುಖ. ಪಿಕ್‌ನಲ್ಲಿ ವೇಗವಾಗಿ ನುಡಿಸುವವರಿಗೆ ಹತ್ತಿರದ ತಂತಿಗಳೇ ಅನುಕೂಲ. ಎಲೆಕ್ಟ್ರಿಕ್ ಗಿಟಾರುಗಳಲ್ಲಿ 42-43 ಮಿ.ಮೀ. ನಟ್ ಸಾಮಾನ್ಯ. ತಂತಿ ತೆಳ್ಳಗಿರುವುದರಿಂದ ಅಲ್ಲಿ ಇಕ್ಕಟ್ಟು ಅಷ್ಟಾಗಿ ಕಾಡುವುದಿಲ್ಲ.

ಅಗಲ ಜಾಸ್ತಿಯಾದರೆ ಕಳೆದುಕೊಳ್ಳುವುದೂ ಇದೆ. ಹೆಬ್ಬೆರಳನ್ನು ನೆಕ್ ಮೇಲಿನಿಂದ ತಂದು ಆರನೇ ತಂತಿ ಒತ್ತುವುದು 43ರಲ್ಲಿ ನನಗೆ ಸಲೀಸು, 44.5ರಲ್ಲಿ ಪರವಾಗಿಲ್ಲ, 52ರಲ್ಲಿ ಆಗುವುದೇ ಇಲ್ಲ. ಕ್ಲಾಸಿಕಲ್‌ನ ಫಿಂಗರ್‌ಬೋರ್ಡ್ ಸಪಾಟು. ಅಲ್ಲಿ ಬಾರೆ ಕಾರ್ಡ್‌ಗಳನ್ನು (ತೋರುಬೆರಳನ್ನು ಅಡ್ಡಲಾಗಿಟ್ಟು ಹಲವು ತಂತಿ ಒತ್ತುವಂಥವು) ಬಹಳ ಹೊತ್ತು ಹಿಡಿದರೆ ತೋರುಬೆರಳು ದಣಿಯುತ್ತದೆ. ನೈಲಾನ್ ಬೇಕು ಆದರೆ 52 ಬೇಡ ಅನ್ನುವವರು 48 ಮಿ.ಮೀ. ನಟ್‌ನವನ್ನು ನೋಡಬಹುದು. ಯಮಹಾದ ಎನ್‌ಟಿಎಕ್ಸ್ ಸಾಲಿನ ಗಿಟಾರುಗಳು ಈ ಅಳತೆಯವು, ಅದೇ ಕಂಪನಿಯ ಎನ್‌ಸಿಎಕ್ಸ್ 52ರದ್ದು.

ಸ್ಟ್ರಮ್ ಮಾಡುತ್ತಾ ಹಾಡುವುದೇ ನಿಮ್ಮ ಮುಖ್ಯ ಕೆಲಸವಾದರೆ, ಬೆರಳ ತುದಿ ಸಣ್ಣದಿದ್ದರೆ, 43 ಸಾಕು. ಸುಮ್ನೆ ಗಿಟಾರ್ ಬದಲಿಸಬೇಡಿ. ನಾನು ಹಾಡಿಗೆ ಸಾಥ್ ಕೊಡಲು ಈಗಲೂ ಹಳೆಯದನ್ನೇ ಎತ್ತಿಕೊಳ್ಳುತ್ತೇನೆ. ಬೆರಳಲ್ಲಿ ಮೀಟಿ ರಾಗವನ್ನೂ ಬೇಸ್ ಅನ್ನೂ ಒಟ್ಟಿಗೆ ನುಡಿಸುವವರಿಗೆ ಮಾತ್ರ 44.5 ಅನ್ನೇ ಹೇಳುತ್ತೇನೆ. ಕೊಂಡ ಮೇಲೆ ನಟ್ ಅನ್ನು ಒಮ್ಮೆ ಬಲ್ಲವರಿಂದ ಸರಿಯಾಗಿ ಕೊರೆಸಿಕೊಳ್ಳಿ. ಮುಂದೆ ದಪ್ಪ ತಂತಿಯ ಸೆಟ್‌ಗೆ ಬದಲಾಯಿಸುವ ಯೋಚನೆ ಇದ್ದರೆ ಅದನ್ನು ಅವರಿಗೆ ಮೊದಲೇ ತಿಳಿಸಿ. ಕಚ್ಚಿನ ಅಗಲ ಆ ತಂತಿಗೆ ತಕ್ಕಂತೆ ಇರಬೇಕು.