ಗ್ರಹಣದ ದಿನವೂ ಒಲೆ ಆರದ ಖಾನಾವಳಿ

ಕೆಟಿಜೆ ನಗರದ ಅಡ್ಡರಸ್ತೆಯೊಂದರಲ್ಲಿರುವ ಈ ಖಾನಾವಳಿಗೆ ಬೋರ್ಡ್ ಇಲ್ಲ. 'ಅಕ್ಕನ ಖಾನಾವಳಿ' ಅಂದರೆ ಆಟೋದವರು ತಂದು ಬಿಡುತ್ತಾರೆ. ದಾವಣಗೆರೆಗೆ ಬಂದವರೆಲ್ಲ ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ ಅಂತ ಹುಡುಕಿಕೊಂಡು ಹೋಗುತ್ತಾರೆ. ಹೋಗಲಿ. ಆದರೆ ಇಲ್ಲೇ ರೂಮು ಮಾಡಿಕೊಂಡು ನೌಕರಿ ಮಾಡುವ ನಮ್ಮಂಥವರು ಬದುಕಿರುವುದು ರೊಟ್ಟಿ ಊಟದ ಮೇಲೆ.

ಊಟಕ್ಕೆ 80 ರೂಪಾಯಿ. ಎರಡು ಬಿಸಿ ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ತರಕಾರಿ ಪಲ್ಯ, ಶೇಂಗಾ ಚಟ್ನಿಪುಡಿ, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಅನ್ನ ಸಾರು, ಮಜ್ಜಿಗೆ. ರೊಟ್ಟಿಗೆ ಪೂರ್ತಿ ಅಂಕ. ಕುದಿಯುವ ನೀರಲ್ಲಿ ಹಿಟ್ಟು ಕಲಸಿ, ಚೆನ್ನಾಗಿ ನಾದಿ, ಅಕ್ಕ ಕೈಯಲ್ಲೇ ತಟ್ಟುತ್ತಾರೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆ ಸವರುತ್ತಾರೆ. ಮಗುಚಿ ಹಾಕಿ ಅಂಚನ್ನು ಬಟ್ಟೆಯಿಂದ ಮೆಲ್ಲಗೆ ಒತ್ತಿದರೆ ಪೂರ್ತಿ ಉಬ್ಬುತ್ತದೆ. ಉಬ್ಬದ ರೊಟ್ಟಿ ನಮ್ಮ ತಟ್ಟೆಗೆ ಬರಲ್ಲ, ಅದನ್ನು ಅವರೇ ಆಮೇಲೆ ತಿನ್ನುತ್ತಾರೆ. ಎಣ್ಣೆಗಾಯಿಗೆ ಎಣ್ಣೆ ಜಾಸ್ತಿ. ಅನ್ನ ಮೆತ್ತಗಾಗಿರುತ್ತದೆ. ಫ್ಯಾನ್ ಒಂದೇ, ಅದೂ ಗೋಡೆ ಕಡೆ ಕೂತವರಿಗೆ ತಾಗಲ್ಲ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಈ ಖಾನಾವಳಿ ಬಗ್ಗೆ ಊಟಕ್ಕಿಂತ ಜಾಸ್ತಿ ಬೇರೆ ಮಾತು ಓಡಾಡುತ್ತದೆ. ನಮ್ಮ ರೂಮಿನ ಓನರ್ ಆಂಟಿ ನನಗೆ ಮೊದಲ ವಾರವೇ ಹೇಳಿದ್ದರು. "ಅಲ್ಲಿ ಉಣ್ಣಬೇಡಮ್ಮ. ಗಂಡನ್ನ ಬಿಟ್ಟು ಬಂದವಳು. ಆ ಮೂರು ದಿನಾನೂ ಒಲೆ ಮುಂದೇನೇ ಕೂರ್ತಾಳೆ. ಜಾತಿ ಕೇಳಲ್ಲ, ಮಡಿ ಇಲ್ಲ. ಇಷ್ಟೆಲ್ಲ ಬಿಟ್ಟವಳು ಇನ್ನೇನು ಉಳಿಸಿಕೊಂಡಿರ್ತಾಳೆ?" ಆಂಟಿ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ರಾತ್ರಿ ಎದ್ದು ಕಷಾಯ ಮಾಡಿಕೊಟ್ಟವರು. ಅದಕ್ಕೇ ಆ ಪ್ರಶ್ನೆಯನ್ನು ತಳ್ಳಿಹಾಕಲು ಮನಸ್ಸಾಗಲಿಲ್ಲ. ಏನು ಉಳಿಸಿಕೊಂಡಿದ್ದಾರೆ ಅಂತ ಉಣ್ಣುತ್ತಲೇ ನೋಡುತ್ತಾ ಬಂದೆ.

ಬಿಟ್ಟಿದ್ದೇನೋ ನಿಜ. ಕೇಳಿದರೆ ಅಕ್ಕ ಮುಚ್ಚಿಡಲ್ಲ. ಬೆಳಿಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕರು, ಲಾಯರ್‌ಗಳು, ಮೆಡಿಕಲ್ ಓದುವ ಹುಡುಗರು ಎಲ್ಲರೂ ಒಂದೇ ಬೆಂಚು, ಒಂದೇ ಥರದ ಲೋಟ. ನಾನು ಜಗಳೂರು ಕಡೆಯವಳು. ಚಿಕ್ಕವಳಿದ್ದಾಗ ನಮ್ಮೂರ ಹೋಟೆಲಿನಲ್ಲಿ ಕೆಲವರಿಗೆ ಲೋಟ ಬೇರೆ ಇಡುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ಇಡುತ್ತಿದ್ದ ಯಜಮಾನರು ಹಣೆತುಂಬ ವಿಭೂತಿ ಹಚ್ಚಿ, ಸೋಮವಾರ ಒಪ್ಪತ್ತು ಮಾಡುತ್ತಿದ್ದರು. ಊರಲ್ಲಿ ಅವರನ್ನು ನೀತಿಗೆಟ್ಟವರು ಅಂತ ಯಾರೂ ಅನ್ನಲಿಲ್ಲ.

ವಿಭೂತಿ ಅಂದಾಗ ನೆನಪಾಯಿತು. ಆಂಟಿ ಮನೆಯವರು ಲಿಂಗಾಯತರು, ಕೊರಳಲ್ಲಿ ಲಿಂಗ ಇದೆ. ಜನನ, ಮರಣ, ರಜಸ್ಸು (ಮುಟ್ಟು), ಎಂಜಲು, ಜಾತಿ, ಈ ಐದು ಸೂತಕಗಳೂ ಇಲ್ಲ ಅಂತ ಹೇಳಿದ ಧರ್ಮ ಅದು. ಹೇಳಿದ್ದು 12ನೇ ಶತಮಾನದಲ್ಲಿ. ಹಾಗಂತ ಬಸವಣ್ಣ ಎಲ್ಲ ಬಿಟ್ಟು ಹೇಗಾದರೂ ಬದುಕಿ ಅಂದರಾ? ಕದಿಯಬೇಡಿ, ಕೊಲ್ಲಬೇಡಿ, ಸುಳ್ಳಾಡಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದವರೂ ಅವರೇ. ಆಂಟಿಗೆ ಇದನ್ನು ಹೇಳಿದೆ. "ಅದೆಲ್ಲ ಸರಿ, ಆದರೂ ಪದ್ಧತಿ ಅಂತ ಒಂದಿರುತ್ತಲ್ಲ" ಅಂದರು. ನಿವೃತ್ತ ಮೇಷ್ಟ್ರಾದ ಅಂಕಲ್ ಪೇಪರ್ ಹಿಂದಿನಿಂದ ನಕ್ಕರು. ಅವರಿಗೆ ಎಚ್. ನರಸಿಂಹಯ್ಯನವರು ಅಂದರೆ ಪ್ರಾಣ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು, ಮದುವೆಯಾಗದೆ, ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್‌ನಲ್ಲೇ ಬದುಕಿದರು. "ಅವರಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬರಿಲ್ಲ" ಅನ್ನುತ್ತಾರೆ ಅಂಕಲ್. ಆದರೂ ಖಾನಾವಳಿಗೆ ಮಾತ್ರ ಅವರೂ ಬರಲ್ಲ!

ಇನ್ನು ಅಕ್ಕ ಬಿಡದೇ ಇರುವುದು. ಕರಿದ ಎಣ್ಣೆಯನ್ನು ಮತ್ತೆ ಒಗ್ಗರಣೆಗೆ ಹಾಕಲ್ಲ. ನಿನ್ನೆಯ ಪಲ್ಯ ಉಳಿದಿದ್ದರೆ "ಇದು ನಿನ್ನೇದು ನೋಡ್ರೀ, ಬೇಕಾದ್ರೆ ಹಾಕ್ತೀನಿ, ದುಡ್ಡಿಲ್ಲ" ಅಂತ ಮೊದಲೇ ಹೇಳುತ್ತಾರೆ. ಕೆಲಸಕ್ಕಿರುವ ಹುಡುಗಿ ಮಧ್ಯಾಹ್ನ 12ಕ್ಕೇ ಉಣ್ಣಬೇಕು, ಗಿರಾಕಿ ಎಷ್ಟೇ ಇದ್ದರೂ. ಇನ್ನು ಆ ಲೆಕ್ಕದ ಪುಸ್ತಕ. ಕಿಟಕಿ ಸರಳಿಗೆ ದಾರ ಕಟ್ಟಿ ಒಂದು ನೋಟ್‌ಬುಕ್, ಒಂದು ಪೆನ್ ತೂಗುಹಾಕಿದ್ದಾರೆ. ತಿಂಗಳ ಗಿರಾಕಿಗಳು ಎಷ್ಟು ರೊಟ್ಟಿ ಹೆಚ್ಚಿಗೆ ತಿಂದರು ಅಂತ ತಾವೇ ಬರೆಯಬೇಕು. ಯಾರೂ ಎಣಿಸಲ್ಲ.

2025ರ ಸೆಪ್ಟೆಂಬರ್ 7, ಭಾನುವಾರ. ಆವತ್ತು ಪೂರ್ಣ ಚಂದ್ರಗ್ರಹಣ. ಹಿಡಿಯುವುದು ರಾತ್ರಿ 10ರ ಹತ್ತಿರವಾದರೂ 9 ತಾಸು ಮೊದಲೇ ವೇಧೆ, ಅಂದರೆ ಉಣ್ಣಬಾರದ ಹೊತ್ತು, ಶುರು ಅಂತ ಮಧ್ಯಾಹ್ನ 1ರಿಂದಲೇ ನಮ್ಮ ಓಣಿಯಲ್ಲಿ ಒಲೆ ಆರಿತು. ಆಂಟಿ ಕೊಡಗಳಲ್ಲಿದ್ದ ನೀರಿಗೆಲ್ಲ ದರ್ಭೆ ಹಾಕಿದರು. ದಾವಣಗೆರೆಯಲ್ಲಿ ನಲ್ಲಿ ನೀರು ದಿನಾ ಬರಲ್ಲ. ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ತುಂಬಿಸಿ, ಅಲ್ಲಿಂದ ಸರದಿ ಪ್ರಕಾರ ಬಿಡಬೇಕು. ಆದರೂ ಮಾರನೇ ದಿನ ಬೆಳಿಗ್ಗೆ ಎಷ್ಟೋ ಮನೆಯವರು ಹಿಡಿದಿಟ್ಟ ನೀರನ್ನು ಚರಂಡಿಗೆ ಸುರಿದರು. ಅಕ್ಕನ ಖಾನಾವಳಿ ಮಾತ್ರ ಸಂಜೆಯೂ ತೆರೆದಿತ್ತು. ಊಟ ಸಿಗದ ಹಾಸ್ಟೆಲ್ ಹುಡುಗರೆಲ್ಲ ಅಲ್ಲೇ ಸೇರಿದ್ದರು.

ಅವರಲ್ಲಿ ಒಬ್ಬ ಬಹಳ ಜೋರು. ಗ್ರಹಣ, ಪಾಪ, ಪುಣ್ಯ, ಎಲ್ಲ ಹೆದರಿಸೋಕೆ ಮಾಡಿರೋ ಕಥೆ ಅಂತ ಭಾಷಣ ಬಿಗಿಯುತ್ತಲೇ ಉಂಡ. ಅಕ್ಕನಿಗೂ ಮಾತು ಇಷ್ಟವಾದಂತೆ ಕಂಡಿತು, ತಲೆಯಾಡಿಸುತ್ತಿದ್ದರು. ಎದ್ದು ಕೈ ತೊಳೆದು ಬಂದವನು ಪುಸ್ತಕದಲ್ಲಿ ಬರೆದು ಹೊರಟ. ಅಕ್ಕ ಹಂಚಿನ ಮುಂದಿನಿಂದ ಏಳದೇ ಕೇಳಿದರು. "ಎಷ್ಟು ಬರೆದೆಪ್ಪಾ?"

"ಎರಡು, ಅಕ್ಕಾ."

"ಹೆಚ್ಚಿಗೆ ತಿಂದಿದ್ದು ನಾಕು. ಗ್ರಹಣ ನಂಬಲ್ಲ ಅಂತ ಬಂದೆ, ಸಂತೋಷ. ಲೆಕ್ಕಾನೂ ನಂಬಲ್ವಾ?"

ಹುಡುಗ ಕೆಂಪಾದ. ಎರಡನ್ನು ನಾಲ್ಕು ಮಾಡಿದ. ಅವನಿಗೂ ನಮ್ಮ ಆಂಟಿಗೂ ಒಂದೇ ಲೆಕ್ಕ ಅಂತ ಆಗ ಅನ್ನಿಸಿತು. ಒಂದು ಬಿಟ್ಟರೆ ಎಲ್ಲ ಬಿಟ್ಟಂತೆ ಅಂತ ಆಂಟಿಗೆ ಭಯ, ಇವನಿಗೆ ಅದೇ ಖುಷಿ.

ಅವನು ಹೋದ ಮೇಲೆ ನಾನು ಕೇಳಿದೆ. ಮಡಿ ಬೇಡ ಅಂತೀರಿ, ಗ್ರಹಣ ಬೇಡ ಅಂತೀರಿ, ಎರಡು ರೊಟ್ಟಿಗೆ ಮಾತ್ರ ಯಾಕೆ ಹಿಂಗೆ ಹಿಡಿದಿರಿ? ಅಕ್ಕ ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸುತ್ತಾ ಹೇಳಿದರು. "ಗ್ರಹಣದ ಹೊತ್ತಲ್ಲಿ ನೀವು ಉಂಡ್ರೆ ಯಾರಿಗೇನಾಗುತ್ತೆ? ಹಳಸಿದ ಸಾರು ಹಾಕಿದ್ರೆ ನಿಮ್ಮ ಹೊಟ್ಟೆ ಕೆಡುತ್ತೆ. ಅವನು ಎರಡು ಕಮ್ಮಿ ಬರೆದ್ರೆ ನಾನು ಜೋಳದ ಅಂಗಡಿಯವನಿಗೆ ಕೈಯಿಂದ ಕೊಡಬೇಕು. ಗಂಡನ ಮನೇಲಿ ಇದ್ದಾಗ ನಾನು ಮಡಿ ಒಂದು ದಿನ ತಪ್ಪಿಸಿಲ್ಲ. ನಾನು ಹೊಡೆತ ತಿಂದಿದ್ದು ಆ ಮಡಿ ಮನೇಲೇ. ಆಗ ಯಾರೂ ನೀತಿ ಅಂತ ಬರಲಿಲ್ಲ." ಅಷ್ಟು ಹೇಳಿ ಮುಂದಿನ ಉಂಡೆ ತಗೊಂಡರು.

ಇದಕ್ಕಿಂತ ಜಾಸ್ತಿ ವಾದ ಅವರ ಹತ್ತಿರ ಇಲ್ಲ. ನನಗೂ ಬೇಕಾಗಲಿಲ್ಲ. ಎಲ್ಲದರಲ್ಲೂ ಅವರ ಮಾತು ಒಪ್ಪುತ್ತೇನೆ ಅಂತಲ್ಲ. ಕುಡಿದು ಬಂದವರನ್ನು, ಎಷ್ಟೇ ಹಸಿದಿದ್ದರೂ, ಬಾಗಿಲಿಂದಲೇ ಕಳಿಸುತ್ತಾರೆ. ಅದು ನನಗೆ ಸ್ವಲ್ಪ ಕಠಿಣ ಅನ್ನಿಸುತ್ತದೆ. ಹಿಂದಿನದನ್ನೆಲ್ಲ ಬಿಟ್ಟೂ ಇಲ್ಲ. ನೆಲಕ್ಕೆ ಬಿದ್ದ ರೊಟ್ಟಿ ತುಣುಕಿಗೆ ಯಾರ ಕಾಲಾದರೂ ತಾಗಿದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು, ಇಲ್ಲವಾದರೆ ಬೈಗುಳ ಗ್ಯಾರಂಟಿ. ಅದಕ್ಕೇನು ಕಾರಣ ಅಂತ ಕೇಳಿದರೆ "ಸುಮ್ನೆ ಎತ್ತು" ಅಂತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಅನ್ನಕ್ಕೆ ಮತ್ತು ಫ್ಯಾನಿಗೆ. ಮಧ್ಯಾಹ್ನ 12ರಿಂದ 3, ಸಂಜೆ 7ರಿಂದ 10. ಒಂದೂವರೆಯ ನಂತರ ಹೋದರೆ ಕಾಳು ಪಲ್ಯ ಮುಗಿದಿರುತ್ತದೆ. ಪಾರ್ಸೆಲ್ ಬೇಕಿದ್ದರೆ ಡಬ್ಬಿ ತಗೊಂಡು ಹೋಗಿ, ಪ್ಲಾಸ್ಟಿಕ್ ಕವರ್‌ನಲ್ಲಿ ಬಿಸಿ ಸಾರು ಕಟ್ಟಿಕೊಡಲ್ಲ.